ಏಣಿ ಒದ್ದ ಬಾಮೈದ

ಜೂನ್ ೨, ಸೋಮವಾರ

ಹೆಜ್ಜೆ: ೨೧೪೦. ನೋವು: ಇದೆ, ಕೂಗುವಷ್ಟಿಲ್ಲ.

ಮುರಿದ ಹಿಮ್ಮಡಿಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಈ ನೋಟ್‌ಬುಕ್ ಕೈಗಿತ್ತು, "ದಿನಾ ಎಷ್ಟು ಹೆಜ್ಜೆ ನಡೆದ್ರಿ, ನೋವು ಹೇಗಿತ್ತು, ಎರಡು ಸಾಲು ಬರೀರಿ ಸಾಕು" ಎಂದಿದ್ದರು. ಪೆನ್ನು ಹಿಡಿದರೆ ಎರಡು ಸಾಲಿಗೆ ನಿಲ್ಲುವ ಪೈಕಿ ಅಲ್ಲ ನಾನು. ಮೊದಲ ಸಾಲನ್ನು ಚೀಟಿಯಲ್ಲಿ ಇಳಿಸಿ ಅವರಿಗೆ ಕೊಡುತ್ತೇನೆ. ಉಳಿದದ್ದು ನನಗೇ ಇರಲಿ.

ಮೂರು ತಿಂಗಳ ಮೇಲೆ ಇವತ್ತು ಕೆಲಸಕ್ಕೆ ಹೋದೆ. ಒಂದೇ ಛಾವಣಿಯ ಕೆಳಗೆ ಒಂಬತ್ತು ಸಾಲು ಅಂಗಡಿ, ನಾನೂರು ಚಿಲ್ಲರೆ ದೀಪ. ಇಪ್ಪತ್ತೆಂಟು ವರ್ಷದಿಂದ ಆ ಮಾರುಕಟ್ಟೆಯ ದೀಪಗಳೆಲ್ಲ ನನ್ನ ಸುಪರ್ದಿ. ಒಳಗೆ ಕಾಲಿಟ್ಟ ಕೂಡಲೇ ಒದ್ದೆ ನೆಲ, ಗೋಣಿಚೀಲ, ಈರುಳ್ಳಿಯ ವಾಸನೆ ಮೂಗಿಗೆ ಬಡಿದು ಕಣ್ಣು ತುಂಬಿ ಬಂತು. ಈರುಳ್ಳಿಯಿಂದ ಅಂತ ಸಮಾಧಾನ ಹೇಳಿಕೊಂಡೆ. ನಾಲ್ಕನೇ ಸಾಲಿನ ಮೊಟ್ಟೆ ಅಂಗಡಿಯ ಅಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಬಂದ್ರಾ? ಎರಡೂ ಕಾಲು ಜೊತೇಲೇ ತಂದಿದ್ದೀರಿ ತಾನೆ?" ಎಂದರು.

ಮೇಲ್ವಿಚಾರಕಿ ಮೇಡಂ ಏಣಿಯ ಬದಲು ಒಂದು ಕುರ್ಚಿ, ಒಂದು ಕಟ್ಟು ಬಿಳಿ ಹಾಳೆ ಕೊಟ್ಟರು.

"ಈ ತಿಂಗಳು ನೀವು ಏಣಿ ಹತ್ತೋ ಹಾಗಿಲ್ಲ. ಏಣಿ ಬಗ್ಗೆ ಬರೀರಿ. ಮಾರುಕಟ್ಟೆಗೆಲ್ಲ ಫೈಬರ್‌ಗ್ಲಾಸ್ ಏಣಿ ತರಿಸಬೇಕು ಅಂತಿದ್ದಾರೆ. ಅದರ ಚರಿತ್ರೆ, ಅನುಕೂಲ, ಅನಾನುಕೂಲ, ಎರಡು ಪುಟ."

"ಏಣಿಗೂ ಚರಿತ್ರೆ ಇರುತ್ತಾ ಮೇಡಂ? ಅದೇನು ರಾಜವಂಶಾನಾ?"

"ಮೇಲಿನವರಿಗೆ ಚರಿತ್ರೆ ಬೇಕಂತೆ. ನಿಮ್ಮ ಅಕ್ಷರ ಚೆನ್ನಾಗಿದೆ. ಮೇಲಾಗಿ, ಬಿದ್ದವರು ನೀವೇ."

ಮೂವತ್ತನೇ ತಾರೀಕು ಸುರಕ್ಷತೆಯ ಅಧಿಕಾರಿ ಬರುತ್ತಾರಂತೆ. ಅವರ ಕಣ್ಣೆದುರು ಹನ್ನೆರಡು ಮೆಟ್ಟಿಲು ಹತ್ತಿ ಇಳಿದರೆ ನನ್ನ ಕೆಲಸ ನನಗೆ. ಇಲ್ಲದಿದ್ದರೆ ಗೇಟಿನ ಬಳಿ ಗಾಡಿಗಳಿಗೆ ಚೀಟಿ ಹರಿಯುವ ಕೆಲಸ.

ಹೊರಡುವಾಗ ಪಂಪಿನ ಕೋಣೆಯ ಬಾಗಿಲಲ್ಲಿ ಬಾಮೈದ ನಿಂತಿದ್ದ. ನನ್ನ ಹೆಂಡತಿಯ ಒಬ್ಬನೇ ತಮ್ಮ. ನನ್ನ ಕೈಯಲ್ಲೇ ಕೆಲಸ ಕಲಿತು, ಹದಿನಾರು ವರ್ಷ ನನ್ನ ಏಣಿ ಹಿಡಿದವನು. "ಭಾವ" ಎಂದ. ನಾನು ಮುಖ ತಿರುಗಿಸಿಕೊಂಡು ನಡೆದೆ.

ಜೂನ್ ೩, ಮಂಗಳವಾರ

ಹೆಜ್ಜೆ: ೧೯೦೦. ನೋವು: ನಿನ್ನೆಯಷ್ಟೇ.

ಆ ದಿನದ ವಿಷಯ ಬರೆಯಬಾರದು ಅಂದುಕೊಂಡಿದ್ದೆ. ಬರೆದರೆ ತಲೆಯಿಂದ ಇಳಿದೀತೇನೋ.

ಏಣಿ ಕೆಲಸದಲ್ಲಿ ನಮ್ಮಿಬ್ಬರದೊಂದು ಕಟ್ಟಳೆ ಇತ್ತು. ಕೆಳಗಿನವನು ಎರಡೂ ಕೈಯಲ್ಲಿ ಏಣಿ ಹಿಡಿದು "ಹಿಡಿದಿದ್ದೀನಿ" ಅನ್ನಬೇಕು. ಆ ಮಾತು ಕಿವಿಗೆ ಬೀಳದೆ ಮೇಲಿನವನು ಮೊದಲ ಮೆಟ್ಟಿಲಿಗೂ ಕಾಲಿಡಬಾರದು. ಇದನ್ನು ಅವನಿಗೆ ಕಲಿಸಿದವನು ನಾನೇ. ಫೆಬ್ರವರಿ ಇಪ್ಪತ್ತೆಂಟರಂದು ಮೊಟ್ಟೆ ಅಂಗಡಿಯ ತಲೆ ಮೇಲಿನ ದೀಪ ಕೆಟ್ಟಿತ್ತು. ಸ್ವಿಚ್ ನಾನೇ ಆರಿಸಿದೆ. ಅವನು "ಹಿಡಿದಿದ್ದೀನಿ" ಎಂದ. ಅಲ್ಯೂಮಿನಿಯಂ ಏಣಿಯ ಒಂಬತ್ತನೇ ಮೆಟ್ಟಿಲು ಹತ್ತಿ ದೀಪಕ್ಕೆ ಕೈ ಹಾಕಿದೆ. ಆಮೇಲಿನದು ಸ್ವಲ್ಪ ಮಸುಕು. ಒಂದು ಮಾತ್ರ ಗಾಜಿನಷ್ಟು ಸ್ಪಷ್ಟವಾಗಿ ಕಾಣುತ್ತದೆ: ಕೆಳಗೆ ಅವನು ಬಲಗಾಲೆತ್ತಿ ಏಣಿಯ ಬುಡಕ್ಕೆ ಜಾಡಿಸಿ ಒದ್ದದ್ದು. ಮುಂದೆ ನೆಲ, ಆಸ್ಪತ್ರೆ, ಮುರಿದ ಹಿಮ್ಮಡಿ.

ವಿಚಾರಣೆಯಲ್ಲಿ ಅವನು ಹೇಳಿದ್ದು, "ನನ್ನ ಕಾಲು ತಾಗಿ ಏಣಿ ಜಾರಿತು" ಅಂತ. ತಾಗುವುದು ಬೇರೆ, ಒದೆಯುವುದು ಬೇರೆ. ಬೇಜವಾಬ್ದಾರಿ ಅಂತ ಅವನನ್ನು ಏಣಿ ಕೆಲಸದಿಂದ ತೆಗೆದು ಪಂಪಿನ ಕೋಣೆಗೆ ಹಾಕಿದರು. ತಾನೂ ಪೆಟ್ಟು ತಿಂದವನ ಹಾಗೆ ತೋಳಿಗೆ ಬಟ್ಟೆಯ ಜೋಳಿಗೆ ಕಟ್ಟಿಕೊಂಡು ಆಸ್ಪತ್ರೆಗೆ ನನ್ನನ್ನು ನೋಡಲು ಬಂದ. ಆ ನಾಟಕ ಕಂಡು ಮೈ ಉರಿದು, "ಇನ್ನು ನಿನ್ನ ಮುಖ ತೋರಿಸಬೇಡ" ಎಂದೆ.

ಒದ್ದದ್ದು ಯಾಕೆ ಅಂತಲೂ ನನಗೆ ಗೊತ್ತು. ಹಿಂದಿನ ದಿನ ಎಲ್ಲರೆದುರು ಅವನನ್ನು ಬೈದಿದ್ದೆ. ತಂತಿಗೆ ಟೇಪು ಸುತ್ತಿದ ಮೇಲೆ ಕೊನೆಯ ತುದಿಯನ್ನು ನಾಲಿಗೆಯ ಹಾಗೆ ಮಡಚಿ ಬಿಡಬೇಕು, ಮುಂದೆ ಬಿಚ್ಚುವವನಿಗೆ ಉಗುರು ಹಾಕುವ ಕಷ್ಟ ಇರಬಾರದು. ಹದಿನಾರು ವರ್ಷವಾದರೂ ಮರೆಯುತ್ತಾನೆ. ಬೈದದ್ದಕ್ಕೆ ಸೇಡು ತೀರಿಸಿಕೊಂಡ. ಹತ್ತಿದ ಏಣಿ ಒದೆಯುವವರ ಬಗ್ಗೆ ಕೇಳಿದ್ದೆ. ಇನ್ನೊಬ್ಬರು ಹತ್ತಿರುವಾಗಲೇ ಏಣಿ ಒದ್ದವನನ್ನು ನೋಡಿದ್ದು ಅದೇ ಮೊದಲು.

"ಅವನು ಹಾಗೆ ಮಾಡೋನಲ್ಲ ರೀ" ಅಂತ ಇವಳು ಇವತ್ತೂ ಅಂದಳು.

"ನಾನು ಕಣ್ಣಾರೆ ಕಂಡಿದ್ದು ಸುಳ್ಳಾ?"

ಇವಳು ಹೊಲಿಗೆ ಯಂತ್ರದ ಮುಂದೆ ಕೂತು ಬೇಕೆಂದೇ ಗಡಗಡ ಸದ್ದು ಮಾಡಿದಳು. ಮೂರು ತಿಂಗಳಿಂದ ತಮ್ಮ ಈ ಮನೆ ಹೊಸಿಲು ತುಳಿದಿಲ್ಲ.

ಜೂನ್ ೫, ಗುರುವಾರ

ಹೆಜ್ಜೆ: ೨೩೦೦. ನೋವು: ಹಿಮ್ಮಡಿಯಲ್ಲಿ ಇಲ್ಲ.

ಉಗ್ರಾಣದಲ್ಲಿ ಯಾರೂ ಇಲ್ಲದಾಗ ಎರಡು ಮೆಟ್ಟಿಲಿನ ಸ್ಟೂಲು ಹತ್ತಲು ಹೋದೆ. ಎರಡೇ ಎರಡು. ಮೊದಲನೆಯದಕ್ಕೆ ಕಾಲಿಟ್ಟೆ, ಕೆಳಗೆ ನೋಡಿದೆ, ಅವನ ಬೂಟು ಕಂಡಿತು. ಅಲ್ಲಿ ಬೂಟೂ ಇರಲಿಲ್ಲ, ಅವನೂ ಇರಲಿಲ್ಲ. ಅಂಗಿ ಬೆನ್ನಿಗೆ ಅಂಟುವಷ್ಟು ಬೆವತೆ. ಅಷ್ಟರಲ್ಲಿ ಉಗ್ರಾಣದವರು ಬಂದು "ಏನಾಯ್ತು?" ಎಂದರು. "ಹಿಮ್ಮಡಿ ಹಿಡ್ಕೊಂತು" ಎಂದೆ. ಪಾಪದ ಹಿಮ್ಮಡಿ, ಎಲ್ಲದಕ್ಕೂ ಅದರ ಹೆಸರು ಹೇಳುತ್ತಿದ್ದೇನೆ.

ಇಪ್ಪತ್ತೆಂಟು ವರ್ಷ ಏಣಿಯ ಮೇಲೇ ನಿಂತು ತಿಂಡಿ ತಿಂದವನು ನಾನು. ನನಗೆ ಭಯವಾಗಿದೆ. ಇದನ್ನು ಬರೆಯಬಲ್ಲೆ, ಯಾರಿಗೂ ಹೇಳಲಾರೆ.

ಜೂನ್ ೯, ಸೋಮವಾರ

ಹೆಜ್ಜೆ: ೨೬೦೦. ನೋವು: ಪರವಾಗಿಲ್ಲ.

ಏಣಿ ಮಾರುವವನು ಮಾದರಿಗೆ ಅಂತ ಹಳದಿ ಏಣಿಯೊಂದನ್ನು ಹೊತ್ತು ತಂದ. ಮೂರು ವಾರ ಇಟ್ಟುಕೊಂಡು ನೋಡಬಹುದಂತೆ. ಅವನ ಬಾಯಿಗೆ ಬೀಗವೇ ಇಲ್ಲ.

"ಗಾಜು ಸಾರ್ ಇದು, ಗಾಜು!"

"ಬಿದ್ದು ಎದ್ದು ಬಂದಿದ್ದೀನಿ ಮಾರಾಯ. ಈಗ ಗಾಜಿನ ಏಣಿ ಹತ್ತು ಅಂತೀಯಾ?"

"ಗಾಜಿನ ಎಳೆ ಸಾರ್, ಕೂದಲಿಗಿಂತ ತೆಳ್ಳಗಿರುತ್ತೆ. ಒಂದು ತೊಂಬತ್ತು ವರ್ಷದ ಹಿಂದೆ ಯಾರೋ ಏನೋ ಮಾಡೋಕೆ ಹೋಗಿ, ಕರಗಿದ ಗಾಜಿಗೆ ಗಾಳಿ ಜೋರಾಗಿ ಬಡಿದು ಎಳೆ ಎಳೆಯಾಗಿ ಹಾರಿತಂತೆ. ಎಡವಟ್ಟಲ್ಲಿ ಹುಟ್ಟಿದ್ದು ಸಾರ್ ಇದು. ಆ ಎಳೆಗಳನ್ನ ಅಂಟಿನಲ್ಲಿ ಅದ್ದಿ, ಬಿಸಿ ಅಚ್ಚಿನಲ್ಲಿ ತೂರಿಸಿ ಆ ಕಡೆಯಿಂದ ಎಳೀತಾರೆ. ಗಟ್ಟಿ ಪಟ್ಟಿಯಾಗಿ ಬರುತ್ತೆ. ಏಣಿ ಆಗೋಕೆ ಇನ್ನೂ ಇಪ್ಪತ್ತು ವರ್ಷ ಹಿಡೀತು."

ಬರೆದುಕೊಂಡೆ. ನನ್ನ ಗುರುಗಳ ಕಾಲದ ಮರದ ಏಣಿಯೂ ನೆನಪಾಯಿತು. ಒಣಗಿದ ಮರದಲ್ಲಿ ಕರೆಂಟು ಹರಿಯುತ್ತಿರಲಿಲ್ಲ, ಆದರೆ ನೆನೆದರೆ ನಂಬುವಂತಿರಲಿಲ್ಲ. ಗೆದ್ದಲು ಬೇರೆ. ಹೊರಲು ಇಬ್ಬರು ಬೇಕು. ಆಮೇಲೆ ಅಲ್ಯೂಮಿನಿಯಂ ಬಂತು. ಕೊಡೆ ಹಿಡಿದಷ್ಟು ಸಲೀಸಾಗಿ ಒಬ್ಬನೇ ಹೆಗಲಿಗೇರಿಸಿಕೊಂಡು ಓಡಾಡಬಹುದಿತ್ತು. ಹಗುರವಾಯಿತಲ್ಲ ಅನ್ನುವ ಖುಷಿಯಲ್ಲಿ, ಅದು ಅಡಿಯಿಂದ ಮುಡಿಯವರೆಗೆ ಕರೆಂಟಿನ ದಾರಿ ಅನ್ನುವುದನ್ನು ನಾವೆಲ್ಲ ಮರೆತೆವು.

"ಹಾಗಾದ್ರೆ ಮೆಟ್ಟಿಲು ಯಾಕೆ ಅಲ್ಯೂಮಿನಿಯಂ?" ಅಂತ ಹಳದಿ ಏಣಿ ತಟ್ಟಿ ಕೇಳಿದೆ. ಮೊದಲ ಸಲ ಅವನ ಬಾಯಿ ಅರ್ಧ ಕ್ಷಣ ನಿಂತಿತು. ಎರಡು ಪಕ್ಕದ ಕಂಬಗಳು ಗಾಜಿನವಾದ್ದರಿಂದ ಮೆಟ್ಟಿಲಿನ ಕರೆಂಟು ನೆಲಕ್ಕೆ ಇಳಿಯುವುದಿಲ್ಲವಂತೆ. ಒಪ್ಪಿದೆ. ಎತ್ತಿ ನೋಡಿದೆ. ಅಪ್ಪಾ, ಏನು ಭಾರ. ಅನಾನುಕೂಲದಲ್ಲಿ ಅದನ್ನೇ ಮೊದಲು ಬರೆದೆ, ಬೆಲೆ ಹೆಚ್ಚು ಅನ್ನುವುದನ್ನು ಎರಡನೆಯದಾಗಿ.

ಜೂನ್ ೧೦, ಮಂಗಳವಾರ

ಹೆಜ್ಜೆ: ೧೨೦೦. ನೋವು: ಕೇಳಬೇಡಿ.

ಹಳದಿ ಏಣಿಯನ್ನು ಗೋಡೆಗೆ ಒರಗಿಸಿ ಎದುರು ಕೂತೆ. ಊಟದ ಹೊತ್ತಿನವರೆಗೂ ಕೂತಿದ್ದೆ.

ಜೂನ್ ೧೩, ಶುಕ್ರವಾರ

ಹೆಜ್ಜೆ: ೩೧೦೦. ನೋವು: ಅಂಗೈಯಲ್ಲಿ!

ಅನಾನುಕೂಲ ಕಣ್ಣಾರೆ ನೋಡೋಣ ಅಂತ, ಟೆಲಿಫೋನಿನವರ ಅಂಗಳದಲ್ಲಿ ಆರು ವರ್ಷದಿಂದ ಬಿಸಿಲಿಗೆ ಬಿದ್ದಿದ್ದ ಫೈಬರ್ ಏಣಿಯೊಂದನ್ನು ನೋಡಲು ಹೋಗಿದ್ದೆ. ಬಣ್ಣ ಬಿಳಿಚಿಕೊಂಡು, ಮೇಲ್ಮೈಯಲ್ಲಿ ಎಳೆಗಳೆದ್ದು ನಿಂತಿದ್ದವು. ಬುದ್ಧಿವಂತನ ಹಾಗೆ ಅಂಗೈಯಿಂದ ಸವರಿದೆ. ಗಾಜಿನ ಎಳೆ ಅಂತ ಮಾರುವವನು ಸಾರಿ ಸಾರಿ ಹೇಳಿದ್ದನಲ್ಲ, ಅದು ಚರ್ಮಕ್ಕೆ ಆಗ ಅರ್ಥವಾಯಿತು.

ಮನೆಗೆ ಬಂದಾಗ ಅಂಗೈ ಕೆಂಡವಾಗಿತ್ತು. ಇವಳು ಕಿಟಕಿಯ ಬೆಳಕಿಗೆ ನನ್ನ ಕೈ ಹಿಡಿದು, ಚಿಮಟದಲ್ಲಿ ಒಂದೊಂದೇ ಎಳೆ ಕೀಳತೊಡಗಿದಳು. ಬಹಳ ದಿನದ ಮೇಲೆ ನಾವಿಬ್ಬರೂ ಅಷ್ಟು ಹತ್ತಿರ ಕೂತಿದ್ದೆವು. ಹೆಬ್ಬೆರಳು ತೋರುಬೆರಳುಗಳ ನಡುವಿನ ಬಿಳಿಯ ಗಟ್ಟಿ ಕಲೆಯ ಹತ್ತಿರ ಅವಳ ಕೈ ನಿಂತಿತು.

"ಇದೇನ್ರೀ?"

"ಬೀಳೋವಾಗ ಏಣಿ ಅಂಚು ತಾಗಿದ್ದು."

"ಅಂಚು ತಾಗಿದ್ರೆ ಗೆರೆ ಬೀಳುತ್ತೆ. ಇದು ದುಂಡಗಿದೆ. ಸುಟ್ಟಿದ್ದು ಇದು. ಇಸ್ತ್ರಿಪೆಟ್ಟಿಗೆ ನನ್ನನ್ನ ಎಷ್ಟು ಸಲ ಸುಟ್ಟಿದೆ, ನನಗೆ ಗೊತ್ತಾಗಲ್ವಾ?"

"ಸ್ವಿಚ್ ಆಫ್ ಮಾಡಿದ್ದೆ ಕಣೇ."

"ಮಾಡಿದ್ರಿ ಬಿಡಿ. ಇಲ್ಲ ಅಂದ್ನಾ?" ಎಂದು ಇನ್ನೊಂದು ಎಳೆ ಕಿತ್ತಳು.

ಸ್ವಿಚ್ ಆರಿಸಿದ್ದೆ. ಅದು ಖಂಡಿತ. ಟೆಸ್ಟರ್ ಹಿಡಿದು ನೋಡಿದ್ದೆನೋ ಇಲ್ಲವೋ ನೆನಪಿಲ್ಲ. ಹಿಡಿಯಲಿಲ್ಲ ಅನಿಸುತ್ತದೆ. ಜೇಬಿನಲ್ಲೇ ಇತ್ತು. ಇಪ್ಪತ್ತೆಂಟು ವರ್ಷದ ಅನುಭವಸ್ಥರು ಟೆಸ್ಟರ್ ಹಿಡಿಯುತ್ತಾರೆಯೇ!

ಜೂನ್ ೧೬, ಸೋಮವಾರ

ಹೆಜ್ಜೆ: ಎಣಿಸಲಿಲ್ಲ.

ಹಳೆಯ ಏಣಿ ಯಾಕೆ ಬೇಡ ಅಂತ ಒಂದು ಸಾಲು ಬರೆಯಬೇಕಿತ್ತು. ಗುಜರಿಯ ಮೂಲೆಯಲ್ಲಿ ನನ್ನನ್ನು ಬೀಳಿಸಿದ ಅಲ್ಯೂಮಿನಿಯಂ ಏಣಿ ಇನ್ನೂ ಇತ್ತು. ತಿರುಗಿಸಿ ನೋಡಿದೆ. ಏಣಿಯ ಎಡಗಾಲಿಗೆ ತೊಡಿಸಿದ ರಬ್ಬರ್ ಬೂಟಿನ ತಳದಿಂದ ಒಂದು ಕಬ್ಬಿಣದ ಬೋಲ್ಟಿನ ತುದಿ ಇಣುಕುತ್ತಿತ್ತು. ಅದರ ಸುತ್ತ ರಬ್ಬರು ಕರಕಲಾಗಿತ್ತು.

ಆ ಬೋಲ್ಟು ನನ್ನದು.

ಜನವರಿಯಲ್ಲಿ ಆ ಬೂಟು ಪದೇ ಪದೇ ಕಳಚಿಕೊಳ್ಳುತ್ತಿತ್ತು. ಹೊಸದು ಕೇಳಿದರೆ ಬರಲಿಲ್ಲ. ಒಂದು ದಿನ ಸಿಟ್ಟು ಬಂದು, ಕೈಗೆ ಸಿಕ್ಕ ಬೋಲ್ಟನ್ನು ಒಳಗಿನಿಂದ ತೂರಿಸಿ ಬಿಗಿದು, ಶಭಾಷ್ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ರಬ್ಬರ್ ಬೂಟು ಇರುವುದೇ ಲೋಹ ನೆಲ ಮುಟ್ಟದಿರಲಿ ಅಂತ. ನಾನು ಅದರ ನಡುವಿನಿಂದಲೇ ಕಬ್ಬಿಣವನ್ನು ನೆಲಕ್ಕೆ ಇಳಿಸಿದ್ದೆ. ಮಾರುಕಟ್ಟೆಯ ನೆಲವೋ, ಬೆಳಗಿಂದ ಸಂಜೆವರೆಗೂ ಒದ್ದೆ.

ರಬ್ಬರು ಸುಮ್ಮನೆ ಕರಕಲಾಗುವುದಿಲ್ಲ.

ಜೂನ್ ೧೭, ಮಂಗಳವಾರ

ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಹೋದೆ. ನಾಲ್ಕನೇ ಸಾಲಿನ ಸ್ವಿಚ್ ಪೆಟ್ಟಿಗೆ ಬಿಚ್ಚಿದೆ. ಕಪ್ಪು ತಂತಿಗೆ ಯಾರೋ ಕೆಂಪು ಟೇಪು ಸುತ್ತಿ ಗುರುತು ಮಾಡಿ, ಜಾಗ ಬದಲಿಸಿ ಸರಿಯಾಗಿ ಜೋಡಿಸಿದ್ದರು. ಅಂದರೆ ಅದಕ್ಕೆ ಮೊದಲು ಕರೆಂಟು ತರುವ ತಂತಿ, ವಾಪಸ್ ಹೋಗುವ ತಂತಿ ಅದಲುಬದಲಾಗಿದ್ದವು. ಎಷ್ಟು ವರ್ಷದಿಂದಲೋ. ಸ್ವಿಚ್ ಆರಿಸಿದರೂ ದೀಪದ ಬುಡದಲ್ಲಿ ಕರೆಂಟು ಉಳಿದೇ ಇರುತ್ತಿತ್ತು.

ದೀಪದ ಕಡೆ ಏನಾಗಿದೆ ನೋಡಬೇಕಿತ್ತು. ಹಳದಿ ಏಣಿ ತಂದು ತೊಲೆಗೆ ಒರಗಿಸಿದೆ. ಸುತ್ತ ಯಾರೂ ಇರಲಿಲ್ಲ, ಮೊಟ್ಟೆಯ ತಟ್ಟೆಗಳನ್ನು ಜೋಡಿಸುತ್ತಿದ್ದ ಅಮ್ಮನನ್ನೇ ಕರೆದೆ.

"ಬರೀ ಹಿಡಿದ್ರೆ ಸಾಲದಮ್ಮ. ಹಿಡಿದಿದ್ದೀನಿ ಅಂತ ಬಾಯಿಬಿಟ್ಟು ಹೇಳ್ಬೇಕು."

"ಇದೊಳ್ಳೆ ಕತೆ. ಹಿಡಿದಿದ್ದೀನಪ್ಪಾ, ಹತ್ತಿ."

ಮೇಲೆ ಹೋಗಿ ಟೆಸ್ಟರ್ ಹಿಡಿದೆ. ಕರೆಂಟಿರಲಿಲ್ಲ. ದೀಪದ ಬುಡದಲ್ಲಿ ಹೊಸ ತಂತಿ, ಹೊಸ ಟೇಪು. ಟೇಪಿನ ಕೊನೆಯನ್ನು ನಾಲಿಗೆಯ ಹಾಗೆ ಚೊಕ್ಕವಾಗಿ ಮಡಚಿ ಬಿಟ್ಟಿತ್ತು. ಅದರ ಮೇಲೆ ಪೆನ್ನಿನಲ್ಲಿ ತಾರೀಕು: ಮಾರ್ಚ್ ೧. ನಾನು ಬಿದ್ದ ಮರುದಿನ. ಅಕ್ಷರ ಬಾಮೈದನದು. ಎಷ್ಟೋ ಹೊತ್ತು ಅಲ್ಲೇ ನಿಂತು ಆ ಮಡಿಕೆಯನ್ನು ನೋಡಿದೆ. ಕೊನೆಗೆ ಕೆಳಗಿನಿಂದ ಅಮ್ಮ, "ನನ್ನ ಕೈ ನೋಯುತ್ತೆ, ಇಳೀರಿ" ಅಂತ ಕೂಗಿದರು.

ಇಳಿದು ಬಂದು ಕೇಳಿದೆ: "ಆವತ್ತು ನೀವು ಇಲ್ಲೇ ಇದ್ರಲ್ಲ. ಏನು ನೋಡಿದ್ರಿ?"

"ಮೂರು ತಿಂಗಳಾದ ಮೇಲೆ ಕೇಳ್ತಿದ್ದೀರಿ. ನೀವು ಮೇಲೆ ಗಡಗಡ ನಡುಗ್ತಾ ಇದ್ರಿ. ಬಾಯಿಂದ ಮಾತಿಲ್ಲ. ಕೈ ದೀಪಕ್ಕೆ ಕಚ್ಕೊಂಡಿತ್ತು. ನಿಮ್ಮ ಬಾಮೈದ 'ಭಾವ, ಭಾವ' ಅಂತ ಎರಡು ಸಲ ಕೂಗಿದ. ಆಮೇಲೆ ಒದ್ದ. ಒದ್ದವನು ಓಡಿಹೋಗ್ಲಿಲ್ಲ, ನೀವು ಬೀಳೋ ಜಾಗಕ್ಕೇ ನುಗ್ಗಿ ತನ್ನ ಹೆಗಲು ಕೊಟ್ಟ. ಅವನ ಹೆಗಲ ಮೂಳೆ ಮುರಿದಿದ್ದು ಇಲ್ಲಿವರೆಗೂ ಕೇಳಿಸ್ತು. ನಿಮ್ಮ ತಲೆ ನೆಲಕ್ಕೆ ಬಡಿದಿದ್ರೆ ಇವತ್ತು ನನ್ನ ಕೈಲಿ ಏಣಿ ಹಿಡಿಸೋಕೆ ನೀವಿರ್ತಿರಲಿಲ್ಲ."

"ಇದನ್ನ ವಿಚಾರಣೇಲಿ ಯಾಕೆ ಹೇಳ್ಲಿಲ್ಲ?"

"ಮೊಟ್ಟೆ ಮಾರೋಳನ್ನ ಯಾರಪ್ಪ ಕೇಳ್ತಾರೆ?"

ಇವತ್ತು ಇನ್ನೇನೂ ಬರೆಯಲಾರೆ. ಜೋಳಿಗೆ ನಾಟಕ ಅಂತ ಬರೆದಿದ್ದೆನಲ್ಲ, ಆ ಪುಟ ಹರಿಯೋಣ ಅನಿಸಿತು. ಹರಿಯಲಿಲ್ಲ, ಅಲ್ಲೇ ಇರಲಿ, ಆಗಾಗ ಓದಿ ನಾಚಿಕೊಳ್ಳುವುದಕ್ಕೆ ಬೇಕು.

ಜೂನ್ ೧೮, ಬುಧವಾರ

ಪಂಪಿನ ಕೋಣೆಗೆ ಹೋದೆ. ಬಾಮೈದ ಮಣೆಯ ಮೇಲೆ ಕೂತು ಯಾವುದೋ ವಾಲ್ವಿಗೆ ಎಣ್ಣೆ ಹಾಕುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತು ಬಾಗಿಲಲ್ಲೇ ಉದುರಿಹೋಯಿತು. ಜೇಬಿನಿಂದ ಬೋಲ್ಟು ತೆಗೆದು ಅವನೆದುರು ಮೇಜಿನ ಮೇಲಿಟ್ಟೆ.

ಅವನು ಅದನ್ನು ನೋಡಿದ. "ಬಿಚ್ಚಿಬಿಟ್ರಾ ಭಾವ? ನಾನು ಗುಜರಿಯವನು ತಗೊಂಡೋಗ್ಲಿ ಅಂತ ಕಾಯ್ತಿದ್ದೆ."

"ನಿನಗೆ ಗೊತ್ತಿತ್ತು."

"ಮಾರನೇ ದಿನ ನೋಡ್ದೆ."

"ಮತ್ತೆ ಕಾಲು ತಾಗ್ತು ಅಂತ ಯಾಕೆ ಹೇಳ್ದೆ? ಕರೆಂಟ್ ಹಿಡಿದಿತ್ತು, ಅದಕ್ಕೇ ಒದ್ದೆ ಅನ್ನೋದಕ್ಕೇನು ರೋಗ?"

ಅವನು ಯಾವಾಗಲೂ ನಿಧಾನ. ಎಣ್ಣೆಯ ಕೈ ಒರೆಸಿಕೊಂಡು, ಬಟ್ಟೆ ಮಡಚಿ, ಆಮೇಲೆ ಹೇಳಿದ: "ಕರೆಂಟ್ ಅಂದ್ರೆ ಟೆಸ್ಟರ್ ಯಾಕೆ ಹಿಡೀಲಿಲ್ಲ ಅಂತ ಕೇಳೋರು. ಏಣಿ ನೋಡೋರು. ಬೋಲ್ಟ್ ಹಾಕಿದ್ಯಾರು ಅನ್ನೋರು. ನಿಮ್ಮ ಲೈಸೆನ್ಸ್ ಹೋಗ್ತಿತ್ತು ಭಾವ. ನಂದೇನು, ಪಂಪ್ ಕೋಣೆ. ಇಲ್ಲಿ ತಂಪಾಗಿರುತ್ತೆ."

"ನನಗಾದ್ರೂ ಹೇಳಬಹುದಿತ್ತಲ್ಲೋ!"

"ಮುಖ ತೋರಿಸಬೇಡ ಅಂದ್ರಲ್ಲ."

ಅವನೇ ಮುಂದುವರಿಸಿದ. "ನಾನು ಏಣಿ ಹಿಡಿದಿದ್ದೆ. ಕೈಗೆ ಜುಮ್ ಅಂತು, ತಾನಾಗೇ ಬಿಟ್ಟೋಯ್ತು. ಮೇಲೆ ನೋಡಿದ್ರೆ ನಿಮ್ಮ ಕಣ್ಣು ಹಾಗೇ ನಿಂತಿತ್ತು. ನಿಮ್ಮನ್ನ ಮುಟ್ಟಿದ್ರೆ ನಾನೂ ಅಂಟ್ಕೊಳ್ತಿದ್ದೆ. ಒಣ ಮರದ ತುಂಡು ಎಲ್ಲೂ ಇಲ್ಲ. ಮೇನ್ ಸ್ವಿಚ್ ಒಂಬತ್ತನೇ ಸಾಲಲ್ಲಿದೆ. ಕಾಲಲ್ಲಿ ರಬ್ಬರ್ ಬೂಟ್ ಇತ್ತು. ಏಣಿಗೇ ಒದ್ದೆ. ಹಿಡಿದಿದ್ದೀನಿ ಅಂದವನೇ ಒದ್ದೆ ಭಾವ. ನಿಮ್ಮನ್ನ ಕೊಂದೇಬಿಟ್ಟೆ ಅಂದ್ಕೊಂಡಿದ್ದೆ."

ಹದಿನಾರು ವರ್ಷದಲ್ಲಿ ಅವನು ಒಟ್ಟಿಗೆ ಇಷ್ಟು ಮಾತಾಡಿದ್ದು ನಾನು ಕೇಳಿಲ್ಲ. ಅವನು ತೋಳಿನಿಂದ ಕಣ್ಣೊರೆಸಿಕೊಂಡ. ನಾನೂ ಅತ್ತೆ, ಮುಚ್ಚುಮರೆಯೇಕೆ. ಪಂಪಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ ಅನ್ನುವುದೊಂದು ಪುಣ್ಯ. ಎದೆಯ ಮೇಲೆ ಯಾರೋ ಇಟ್ಟಿದ್ದ ಗೋಣಿಮೂಟೆ ಇಳಿಸಿದ ಹಾಗಾಯಿತು. ಸೇಡಲ್ಲ! ಸೇಡಾಗಿರಲಿಲ್ಲ! ಮೂರು ತಿಂಗಳು ಇಷ್ಟನ್ನು ತಿಳಿಯದೆ ನಾನು ಎಷ್ಟು ದಣಿದಿದ್ದೆ ಅಂತ ಆಗಲೇ ಗೊತ್ತಾದದ್ದು.

"ಮುರಿದ ಹೆಗಲಿಟ್ಕೊಂಡು ಒಂದೇ ಕೈಯಲ್ಲಿ ಟೇಪಿನ ತುದಿ ಮಡಚಿದ್ದು ನೋಡಿದೆ" ಎಂದೆ. ಹೇಗೆ ಹೊಗಳಬೇಕೆಂದು ಗೊತ್ತಾಗಲಿಲ್ಲ.

"ದೀಪದ ಹತ್ರದ್ದಾ? ಹೇಗೆ ನೋ‌ಡಿದ್ರಿ?"

"ಹೇಗೆ ಅಂದ್ರೆ? ಏಣಿ ಹಾಕಿ."

ಅವನು ನನ್ನನ್ನೇ ನೋಡಿ ನಗತೊಡಗಿದ. ಏನು ನಗೆ ಅಂತ ಕೇಳಿದರೆ ಹೇಳಲಿಲ್ಲ. ಮೊದಲಿಂದಲೂ ಹಾಗೆಯೇ, ಇದ್ದಕ್ಕಿದ್ದಂತೆ ನಗುತ್ತಾನೆ.

ಸಂಜೆ ಇವಳಿಗೆ ಎಲ್ಲ ಹೇಳಿದೆ. ಇಸ್ತ್ರಿಪೆಟ್ಟಿಗೆ ಆರಿಸಿ, ಪೂರ್ತಿ ಕೇಳಿ, "ನಾನಂದಿದ್ನಲ್ಲ" ಎಂದಳು. ಮಲಗುವುದರೊಳಗೆ ನಾಲ್ಕು ಸಲ ಅಂದಳು. ನಾಲ್ಕು ಸಲವೂ ಒಪ್ಪಿಕೊಂಡೆ.

ಜೂನ್ ೨೦, ಶುಕ್ರವಾರ

ವರದಿ ಕೊಟ್ಟೆ. ಎರಡು ಪುಟ ಕೇಳಿದ್ದರು, ಮೂರಾಯಿತು.

ಮೊದಲ ಪುಟದಲ್ಲಿ ಚರಿತ್ರೆ. ಎರಡನೆಯದರಲ್ಲಿ, ಒಣಗಿ ಸ್ವಚ್ಛವಾಗಿರುವವರೆಗೆ ಫೈಬರ್ ಏಣಿ ಕರೆಂಟು ಹರಿಸುವುದಿಲ್ಲ, ಒದ್ದೆಯಾದರೆ, ಕೊಳೆ ಹಿಡಿದರೆ ನಂಬಬಾರದು ಅಂತ. ಕೊಳೆಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ. ಆದರೆ ಭಾರ, ಬೆಲೆ, ಬಿಸಿಲು ಇದಕ್ಕೆ ಶತ್ರು. ಅಲ್ಯೂಮಿನಿಯಂ ಬಿದ್ದರೆ ಡೊಂಕಾಗಿ ಪೆಟ್ಟನ್ನು ತೋರಿಸಿಕೊಳ್ಳುತ್ತದೆ, ಇದು ಒಳಗೊಳಗೇ ಬಿರುಕು ಬಿಡಬಹುದು. ಆದ್ದರಿಂದ ಬಣ್ಣ ಬಳಿಯಬಾರದು, ಬಿರುಕು ಮುಚ್ಚಿಹೋಗುತ್ತದೆ. ಹತ್ತುವ ಮೊದಲು ಪ್ರತಿ ಸಲ ಉದ್ದಕ್ಕೂ ನೋಡಬೇಕು.

ಮೂರನೇ ಪುಟದಲ್ಲಿ ಬರೆದದ್ದು: ಹಳೆಯ ಏಣಿಯ ಬೂಟಿಗೆ ಬೋಲ್ಟ್ ಹಾಕಿದವನು ನಾನು. ಟೆಸ್ಟರ್ ಹಿಡಿಯದೆ ದೀಪ ಮುಟ್ಟಿದವನೂ ನಾನು. ನನ್ನ ಜೊತೆಯವನು ಏಣಿಯನ್ನು ಒದ್ದದ್ದರಿಂದ ನಾನು ಬದುಕಿದ್ದೇನೆ. ಎಂಥ ಏಣಿ ತಂದರೂ ನನ್ನಂಥವನು ರಿಪೇರಿ ಮಾಡಿದರೆ ಉಪಯೋಗವಿಲ್ಲ.

ಮೇಡಂ ಮೂರನೇ ಪುಟವನ್ನು ಎರಡು ಸಲ ಓದಿದರು.

"ಇದನ್ನ ಕಳಿಸಿದ್ರೆ ನಿಮ್ಮ ಲೈಸೆನ್ಸಿಗೇ ಕುತ್ತು ಬರಬಹುದು. ಗೊತ್ತಲ್ಲ?"

"ಗೊತ್ತು ಮೇಡಂ. ಇದಿಲ್ಲದಿದ್ರೆ ಮೊದಲಿನ ಎರಡು ಪುಟ ಬರೀ ಅಲಂಕಾರ."

ಅವರು ಮೂರೂ ಪುಟ ಸೇರಿಸಿ ಪಿನ್ನು ಹೊಡೆದರು. ವಿಷಯ ಕೇಳಿ ಬಾಮೈದ ತಲೆ ಚಚ್ಚಿಕೊಂಡ. "ಅಷ್ಟು ಕಷ್ಟಪಟ್ಟು ಸುಳ್ಳು ಹೇಳಿದ್ನಲ್ಲ ಭಾವ, ಎಲ್ಲಾ ನೀರುಪಾಲು ಮಾಡಿದ್ರಿ" ಎಂದ.

ಜೂನ್ ೨೨, ಭಾನುವಾರ

ಅವನು ಮನೆಗೆ ಬಂದ. ಅಕ್ಕ ತಮ್ಮ ಅಡುಗೆಮನೆಯಲ್ಲಿ ಕೂತು ನನ್ನ ಬಗ್ಗೆ ಏನೇನೋ ಆಡಿಕೊಂಡು ನಕ್ಕರು. ಕೇಳಿಸದವನ ಹಾಗೆ ಪೇಪರ್ ಓದಿದೆ. ಚೆನ್ನಾಗಿತ್ತು.

ಜೂನ್ ೨೭, ಶುಕ್ರವಾರ

ಇವತ್ತು ಪತ್ರ ಬಂತು. ತೆರೆಯಲು ಧೈರ್ಯ ಸಾಲದೆ ಮೇಡಂ ಕೈಗೇ ಕೊಟ್ಟೆ. ನನಗೆ ಲಿಖಿತ ಎಚ್ಚರಿಕೆ. ಲೈಸೆನ್ಸ್ ಉಳಿಯಿತು. ತಿಂಗಳ ಮೊದಲ ಸೋಮವಾರ ಮಾರುಕಟ್ಟೆಯ ಎಲ್ಲ ಏಣಿಗಳನ್ನೂ ನಾನೇ ಪರೀಕ್ಷಿಸಿ ಸಹಿ ಹಾಕಬೇಕು. ಬಾಮೈದನ ಮೇಲಿನ ಆರೋಪ ವಾಪಸ್, ಏಣಿ ಕೆಲಸಕ್ಕೂ ವಾಪಸ್. ಓದಿ ಮುಗಿಸುವಷ್ಟರಲ್ಲಿ ನಾನು ಅವರ ಕುರ್ಚಿಯಲ್ಲೇ ಕೂತುಬಿಟ್ಟಿದ್ದೆ. "ಪರವಾಗಿಲ್ಲ, ಕೂತ್ಕೊಳ್ಳಿ" ಎಂದರು.

ಹೊಸ ಏಣಿ ಆರು ಬರುತ್ತವಂತೆ. ಉಗ್ರಾಣದಲ್ಲಿ ಬಿಸಿಲು ಬೀಳದ ಗೋಡೆ ನೋಡಿಟ್ಟಿದ್ದೇನೆ.

ಇನ್ನು ಉಳಿದದ್ದು ಸೋಮವಾರದ ಹನ್ನೆರಡು ಮೆಟ್ಟಿಲು. ಬಿದ್ದ ಮೇಲೆ ಸ್ಟೂಲನ್ನೂ ಹತ್ತಲಾರದವನು ಏಣಿ ಹತ್ತುವುದು ಹೇಗೆ? ಬಾಮೈದನಿಗೆ ಇದನ್ನು ಹೇಳಿಯೇಬಿಟ್ಟೆ. ಮತ್ತೆ ಅದೇ ನಗು. "ಭಾವ, ಮೊಟ್ಟೆ ಅಂಗಡಿ ದೀಪ ಹದಿನಾಲ್ಕು ಅಡಿ ಎತ್ತರದಲ್ಲಿದೆ" ಎಂದ. ಹೌದು, ಇದೆ, ಅದನ್ನು ಹಾಕಿದವನು ನಾನೇ, ನನಗೆ ಗೊತ್ತಿಲ್ಲವೇ ಎಂದೆ.

ಬರೆಯುತ್ತಾ ಬರೆಯುತ್ತಾ ಈಗ ಹೊಳೆಯಿತು, ಹದಿನೇಳರಂದು ಆ ದೀಪದವರೆಗೂ ಹತ್ತಿದ್ದೆನಲ್ಲ. ಓಹೋ.

ಜೂನ್ ೩೦, ಸೋಮವಾರ

ಬೆಳಗ್ಗೆ ಡಾಕ್ಟರಮ್ಮ ಫೋನ್ ಮಾಡಿದ್ದರು. ಎರಡು ವಾರದಿಂದ ಚೀಟಿ ಬಂದಿಲ್ಲವಂತೆ. "ನೋವು ಹೇಗಿದೆ?" ಅಂದರು. "ಯಾವುದು?" ಅಂದೆ. ಅವರಿಗೂ ನಗು ಬಂತು.

ಹತ್ತು ಗಂಟೆಗೆ ಸುರಕ್ಷತೆಯ ಅಧಿಕಾರಿ ಬಂದರು. ನಾಲ್ಕನೇ ಸಾಲೇ ಆಗಲಿ ಅಂದೆ. ಸ್ವಿಚ್ ಆರಿಸಿ ಬಂದೆ. ಹಳದಿ ಏಣಿಯನ್ನು ಒಣಬಟ್ಟೆಯಿಂದ ಒರೆಸಿ, ಬಿರುಕಿದೆಯೋ ಅಂತ ಉದ್ದಕ್ಕೂ ನೋಡಿ, ಬೂಟು ಎರಡನ್ನೂ ತಿರುಗಿಸಿ ನೋಡಿದೆ. ಅಧಿಕಾರಿ ಗಡಿಯಾರ ನೋಡಿಕೊಂಡರು. ನೋಡಿಕೊಳ್ಳಲಿ. ಮೊಟ್ಟೆಯ ಅಮ್ಮ ವ್ಯಾಪಾರ ಬಿಟ್ಟು ನಿಂತಿದ್ದರು.

ಏಣಿಯ ಬುಡದಲ್ಲಿ ನಿಂತು ಕಾದೆ.

"ಹಿಡಿದಿದ್ದೀನಿ ಭಾವ."

ಹತ್ತಿದೆ. ಒಂದು, ಎರಡು, ಮೂರು ಅಂತ ಅಮ್ಮ ಗಟ್ಟಿಯಾಗಿ ಎಣಿಸುತ್ತಿದ್ದರು. ಒಂಬತ್ತಕ್ಕೆ ಬಂದಾಗ ಅವರ ಸ್ವರ ನಿಂತಿತು, ನಾನೂ ನಿಂತೆ. ಟೆಸ್ಟರ್ ಹಿಡಿದು ದೀಪ ನೋಡಿದೆ. ಕೆಳಗೆ ನೋಡಬಾರದು ಅಂತ ಎಲ್ಲರೂ ಹೇಳಿಕಳಿಸಿದ್ದರು. ಬೇಕೆಂದೇ ನೋಡಿದೆ. ಬಾಮೈದ ಎರಡೂ ಕೈಯಲ್ಲಿ ಏಣಿ ಹಿಡಿದು, ಅದು ಜಾರದಂತೆ ಬುಡಕ್ಕೆ ಬೂಟು ಒತ್ತಿ ನಿಂತಿದ್ದ. ಅದೇ ಬಲಗಾಲು.

"ಸಾಕಾ ಭಾವ?" ಎಂದ.

"ಇರೋ, ಇನ್ನೂ ಮೂರಿದೆ" ಎಂದು ಹತ್ತಿದೆ.